ನಗರದ ಜಿಂಕೆಗೆ ಲವಣದಾನ

ಅಮೆರಿಕ ಸಂಯುಕ್ತ ಸಂಸ್ಥಾನದ ಪಟ್ಟಣಗಳಂಚಿನ ಬಡಾವಣೆಗಳಲ್ಲಿ, ಸಂಜೆಯ ಹೊತ್ತಿಗೆ ಹಿತ್ತಿಲಿಗೆ ಬಂದು ನಿಲ್ಲುವ ಬಿಳಿಬಾಲದ ಜಿಂಕೆಗಳಿಗೆಂದು ಗೃಹಸ್ಥರು ಖನಿಜ ಲವಣದ ಇಟ್ಟಿಗೆಗಳನ್ನಿಡುವ ಪದ್ಧತಿ ರೂಢಿಯಲ್ಲಿದೆ. ಅದರ ಮೂಲದಲ್ಲಿರುವ ಭೂತದಯೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಉದ್ದೇಶದ ಶುದ್ಧಿಯೊಂದರಿಂದಲೇ ಕಾರ್ಯದ ಯುಕ್ತಾಯುಕ್ತತೆ ನಿರ್ಣಯವಾಗದು.

ಜಿಂಕೆಗೆ ಉಪ್ಪಿನ ಹಂಬಲವಿರುವುದು ದಿಟ. ವಸಂತದ ಎಳೆಚಿಗುರಿನಲ್ಲಿ ನೀರೂ ಪೊಟ್ಯಾಸಿಯಮ್ಮೂ ಅಧಿಕವಾಗಿರುವುದರಿಂದ ದೇಹದ ಸೋಡಿಯಂ ಕರಗಿಹೋಗುತ್ತದೆ. ಹೆಣ್ಣಿಗೆ ಮುಂದೆ ಮರಿಗೆ ಹಾಲೂಡುವ ಭಾರವೂ ಇದೆ. ಗಂಡಿಗಾದರೋ, ಚಳಿಗಾಲದಲ್ಲಿ ಉದುರಿಹೋದ ಕವಲುಗೊಂಬು ಬೇಸಗೆ ಕಳೆಯುವುದರೊಳಗೆ ಪುನಃ ಪೂರ್ಣವಾಗಿ ಬೆಳೆಯಬೇಕು. ಅದಕ್ಕೆ ಬೇಕಾದ ಕ್ಯಾಲ್ಸಿಯಂ, ರಂಜಕಗಳು ಮೇವಿನಿಂದಷ್ಟೇ ಒದಗದಿರಲು, ಶರೀರವು ತನ್ನ ಪಕ್ಕೆಲುಬುಗಳಿಂದಲೇ ಅವನ್ನು ಕಡ ತೆಗೆದು, ಕ್ರಮೇಣ ಆಹಾರದಿಂದ ಆ ಋಣವನ್ನು ತೀರಿಸುವುದು ಸೃಷ್ಟಿಯ ಅತ್ಯದ್ಭುತ ವ್ಯವಹಾರಗಳಲ್ಲೊಂದು. ಇಂತಹ ವ್ಯವಸ್ಥೆಯನ್ನು ಮೈಯೊಳಗೇ ಹೊತ್ತು, ಗೊಬ್ಬರವುಂಡ ತೋಟಗಳನ್ನು ಮೇಯುತ್ತಿರುವ ನಗರದ ಜಿಂಕೆಗೆ ಇಟ್ಟಿಗೆಯ ಅಗತ್ಯ ಅತ್ಯಲ್ಪವೆಂದೇ ನನ್ನ ಅಭಿಪ್ರಾಯ. ಕೊಂಬಿನ ಭವ್ಯತೆಗೆ ವಯಸ್ಸು, ವಂಶ, ಒಟ್ಟು ಆಹಾರ ಇವೇ ಪ್ರಧಾನ ಕಾರಣಗಳು.

ಹಾನಿಯಿರುವುದು ಲವಣದಲ್ಲಲ್ಲ, ಅದು ಕೂಡಿಸುವ ಕೂಟದಲ್ಲಿ. 1967ರಲ್ಲಿ ಕೊಲೊರಾಡೊದ ಸಂಶೋಧನಾ ಆವರಣವೊಂದರಲ್ಲಿ ಮೊದಲು ಕಾಣಿಸಿಕೊಂಡ, ಮಿದುಳನ್ನು ಸವೆಸಿ ಕೊಲ್ಲುವ, ಚಿಕಿತ್ಸೆಯಿಲ್ಲದ ಕ್ಷಯವ್ಯಾಧಿಯೊಂದು ಜಿಂಕೆಗಳ ಕುಲವನ್ನು ಬಾಧಿಸುತ್ತಿದೆ. ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಅದಕ್ಕೆ ಕಾರಣ. ರೋಗಗ್ರಸ್ತ ಪ್ರಾಣಿಯು ಹೊರನೋಟಕ್ಕೆ ಪುಷ್ಟವಾಗಿ ಕಾಣುತ್ತಿರುವಾಗಲೇ ಅದು ಜೊಲ್ಲು, ಮಲ, ಮೂತ್ರಗಳ ಮೂಲಕ ಹೊರಬಿದ್ದು, ವರ್ಷಗಟ್ಟಲೆ ಮಣ್ಣಿನಲ್ಲಿ ಅಳಿಯದೆ ಉಳಿಯುತ್ತದೆ. ಚದುರಿ ಮೇಯುವ ಮೃಗಗಳನ್ನು ಮೊಳದಷ್ಟು ನೆಲಕ್ಕೆ ಕರೆದು, ಒಂದು ನೆಕ್ಕಿದ್ದನ್ನೇ ಮತ್ತೊಂದು ನೆಕ್ಕುವಂತೆ ಮಾಡುವ ಏರ್ಪಾಡು ಈ ವ್ಯಾಧಿಗೆ ಎಷ್ಟು ಅನುಕೂಲವೆಂಬುದನ್ನು ಹೇಳಬೇಕಾಗಿಲ್ಲ. 2002ರಲ್ಲಿ ರೋಗವು ಪತ್ತೆಯಾದ ವಿಸ್ಕಾನ್ಸಿನ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರೀಕ್ಷಿಸಿದ ಲವಣಸ್ಥಳಗಳ ಪೈಕಿ ಹೆಚ್ಚಿನವುಗಳಲ್ಲಿ ಪ್ರಿಯಾನ್ ಕಂಡುಬಂದಿತು. ಅನೇಕ ರಾಜ್ಯಗಳು ಈ ಪದ್ಧತಿಗೆ ನಿರ್ಬಂಧ ವಿಧಿಸಿರುವುದು ಸರ್ವಥಾ ಯುಕ್ತ. ಮೋಟಾರುಗಳು ಹರಿದಾಡುವ ರಸ್ತೆಗಳನ್ನು ದಾಟಿ ಬರುವಂತೆ ಮೃಗಗಳಿಗೆ ಆಶೆ ತೋರಿಸುವುದೂ ಕ್ರೌರ್ಯವೇ ಸರಿ.

ಇಟ್ಟಿಗೆಯನ್ನು ಎತ್ತಿಬಿಟ್ಟ ಮಾತ್ರಕ್ಕೆ ದೋಷ ನೀಗುವುದೂ ಇಲ್ಲ. ಮಳೆಗೆ ಕರಗಿದ ಉಪ್ಪು ಮಣ್ಣಿಗಿಳಿದಿರುವುದರಿಂದ, ಜಿಂಕೆಗಳು ಅನಂತರವೂ ಬಂದು ಆ ನೆಲವನ್ನೇ ಕೆರೆದು ತಿನ್ನುತ್ತವೆ. ಆದುದರಿಂದ ಇಟ್ಟವರೇ ಆ ಜಾಗವನ್ನು ಮುಚ್ಚಿ, ಸುತ್ತ ಬೇಲಿ ಕಟ್ಟಬೇಕು.