ಹೆಸರಿಲ್ಲದ ಕಡಲಿನಲ್ಲಿ ದಾರಿ ಹುಡುಕುವುದು: ‘ಸೀ ಹೀರೋ ಕ್ವೆಸ್ಟ್’ ಆಟದ ಕರ್ತೃತ್ವ ಮತ್ತು ಕಥನ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಳ್ಳುತ್ತೇನೆ. ಕಾಸರಗೋಡಿನ ನಮ್ಮ ಮನೆಯಲ್ಲಿ ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಕನ್ನಡ ಎಂ.ಎ. ಓದುವವಳು ಮೊಬೈಲ್ ಆಟದ ಬಗ್ಗೆ ಯಾಕೆ ಮಾತಾಡಬೇಕು ಅಂತ ಕೆಲವರಿಗೆ ಅನ್ನಿಸಬಹುದು. ಇದು ಕತೆ ಇರುವ ಆಟ. ಕತೆ ಇರುವಲ್ಲಿ ವಿಮರ್ಶೆಗೆ ಕೆಲಸ ಇದ್ದೇ ಇದೆ.

ಆಟದ ಕತೆ ಹೀಗಿದೆ. ಒಬ್ಬ ಹಳೆಯ ನಾವಿಕ. ಕಡಲು ಸುತ್ತಿ ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟವನು. ಈಗ ಅವನಿಗೆ ಮರೆವು. ಕಳೆದುಹೋದ ನೆನಪುಗಳನ್ನು ಮರಳಿ ತರಲು ಮಗ ದೋಣಿ ಹತ್ತುತ್ತಾನೆ. ಆಡುವ ನಾವೇ ಆ ಮಗ. ಮೊದಲು ನಕ್ಷೆ ತೋರಿಸುತ್ತಾರೆ. ಅದು ಮಾಯವಾದ ಮೇಲೆ ಗುರುತಿನ ತೇಲುಗಳನ್ನು ಅನುಕ್ರಮವಾಗಿ ಮುಟ್ಟಬೇಕು. ಇನ್ನು ಕೆಲವು ಹಂತಗಳಲ್ಲಿ ಅಂಕುಡೊಂಕು ನೀರಿನಲ್ಲಿ ಸಾಗಿ, ಹೊರಟ ಜಾಗ ಯಾವ ದಿಕ್ಕಿಗಿದೆ ಅಂತ ಊಹಿಸಿ ಬೆಳಕಿನ ಬಾಣ ಹಾರಿಸಬೇಕು. ನಡುನಡುವೆ ಕಡಲಪ್ರಾಣಿಯನ್ನು ಬೆನ್ನಟ್ಟಿ ಫೋಟೋ ತೆಗೆಯುವುದು. ನನಗೆ ಖುಷಿ ಕೊಟ್ಟದ್ದು ಅದೇ.

ಯಾರು ಕರ್ತೃ?

2016ರಲ್ಲಿ ಈ ಆಟ ಬಿಡುಗಡೆಯಾಯಿತು. ಹಣ ಮತ್ತು ಪ್ರಚಾರ ಡಾಯ್ಚೆ ಟೆಲಿಕಾಮ್‌ನದು. ಅಲ್ಝೈಮರ್ಸ್ ರಿಸರ್ಚ್ ಯುಕೆ ಸಂಸ್ಥೆ ಜೊತೆಗಿತ್ತು. ವಿಜ್ಞಾನದ ಕಡೆಯಿಂದ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಹ್ಯೂಗೋ ಸ್ಪಿಯರ್ಸ್, ಈಸ್ಟ್ ಆಂಗ್ಲಿಯ ವಿಶ್ವವಿದ್ಯಾಲಯದ ಮೈಕೆಲ್ ಹಾರ್ನ್‌ಬರ್ಗರ್, ವಾಸ್ತುಶಿಲ್ಪದ ಹಿನ್ನೆಲೆಯ ರೂತ್ ಕಾನ್ರಾಯ್ ಡಾಲ್ಟನ್ ಮೊದಲಾದವರು. ಆಟವನ್ನು ಕಟ್ಟಿದ್ದು ಗ್ಲಿಚರ್ಸ್ ಎಂಬ ಸಣ್ಣ ಸ್ಟುಡಿಯೋ.

ಈ ತಂಡದೊಳಗಿನ ಎಳೆದಾಟವನ್ನು ಆಟದ ಮೈಯಲ್ಲೇ ಓದಬಹುದು. ವಿಜ್ಞಾನಿಗೆ ಎಲ್ಲರೂ ಒಂದೇ ಪರೀಕ್ಷೆ ಬರೆಯಬೇಕು. ಆಟ ಕಟ್ಟುವವನಿಗೆ ಅದು ಪರೀಕ್ಷೆ ಅಂತ ಗೊತ್ತೇ ಆಗಬಾರದು. ಇಬ್ಬರೂ ಒಪ್ಪಿದ ಒಂದು ಉಪಾಯ ನನಗೆ ಇಷ್ಟ. ಮೊದಲ ಎರಡು ಹಂತಗಳಲ್ಲಿ ದಾರಿ ಹುಡುಕುವ ಕಷ್ಟವೇ ಇಲ್ಲ, ಸುಮ್ಮನೆ ದೋಣಿ ನಡೆಸಿದರೆ ಸಾಕು. ಆಡುವವರಿಗೆ ಅದು ಅಭ್ಯಾಸ. ವಿಜ್ಞಾನಿಗಳಿಗೆ ಅದು ಬೆರಳಿನ ಚುರುಕನ್ನು ಅಳೆಯುವ ಸಾಧನ. ಮುಂದಿನ ಅಂಕಗಳನ್ನು ಇದಕ್ಕೆ ಹೋಲಿಸಿಯೇ ನೋಡುತ್ತಾರೆ. ಮೊಬೈಲ್ ಹಿಡಿದು ಗೊತ್ತಿಲ್ಲದ ಮುದುಕಿಗೆ ಅನ್ಯಾಯ ಆಗಬಾರದು ಅನ್ನುವ ಕಾಳಜಿ ಇದರಲ್ಲಿದೆ.

ಆಡಿದವರು 40 ಲಕ್ಷಕ್ಕೂ ಹೆಚ್ಚು. ಪ್ರಯೋಗಾಲಯಕ್ಕೆ ಕರೆದು ಕೂರಿಸಿದ್ದರೆ ಇಷ್ಟು ಜನ ಬರುತ್ತಿರಲಿಲ್ಲ. ಅವರನ್ನು ಕರೆತಂದದ್ದು ಅಪ್ಪ–ಮಗನ ಕತೆ, ಅಲೆ, ಬಣ್ಣ. ಆದರೆ ಈ ದತ್ತಾಂಶದಿಂದ ಬಂದ 2018 ಮತ್ತು 2022ರ ದೊಡ್ಡ ಸಂಶೋಧನಾ ಲೇಖನಗಳಲ್ಲಿ ಸ್ಟುಡಿಯೋದವರು ಲೇಖಕರಲ್ಲ, ಆಡಿದವರೂ ಅಲ್ಲ. ಹೋಲಿಕೆಗೆ ‘ಐವೈರ್’ ಎಂಬ ಇನ್ನೊಂದು ಮಿದುಳಿನ ಆಟ ನೋಡಿ. ಇಲಿಯ ಅಕ್ಷಿಪಟಲದ ನರಕೋಶಗಳನ್ನು ಆಟಗಾರರೇ ಬಣ್ಣ ಹಚ್ಚಿ ಗುರುತಿಸುವ ಆಟ ಅದು. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ಫಲ ಬಂದಾಗ ಲೇಖಕರ ಸಾಲಿನಲ್ಲಿ ‘ಐವೈರರ್ಸ್’ ಅಂತ ಆಟಗಾರರನ್ನೂ ಸೇರಿಸಿದ್ದರು. ಹಾಗಾದರೆ ಸೇರಿಸುವುದು ಸಾಧ್ಯ ಅಂತಾಯ್ತು. ನಮ್ಮ ಜನಪದ ಸಂಗ್ರಹಗಳಲ್ಲೂ ಇದೇ ಪ್ರಶ್ನೆ ಇದೆಯಲ್ಲ, ಹಾಡಿದವಳ ಹೆಸರು ಮುಖಪುಟದಲ್ಲೋ, ಒಳಪುಟದ ಕೃತಜ್ಞತೆಯಲ್ಲೋ?

ಕತೆಗೆ ಕೊಟ್ಟ ಕೆಲಸ

ನನ್ನ ಮುಖ್ಯ ಆಕ್ಷೇಪ ಬೇರೆ. ಈ ತಂಡ ಕತೆಗೆ ಕೊಟ್ಟದ್ದು ಜನರನ್ನು ಕರೆತರುವ ಕೆಲಸ ಮಾತ್ರ. ಮರೆತವನು ಅಪ್ಪ, ದೋಣಿ ನಡೆಸುವವನು ಮಗ. ಮರೆವಿನ ಒಳಗೆ ನಿಂತರೆ ಲೋಕ ಹೇಗೆ ಕಾಣುತ್ತದೆ, ತನ್ನದೇ ಅಂಗಳ ಅಪರಿಚಿತವಾದಾಗ ಏನಾಗುತ್ತದೆ ಅನ್ನುವುದು ಆಟದಲ್ಲಿ ಎಲ್ಲೂ ಅನುಭವಕ್ಕೆ ಬರುವುದಿಲ್ಲ. ದಾರಿ ತಪ್ಪುವುದು ಡಿಮೆನ್ಶಿಯದ ಮೊದಲ ಲಕ್ಷಣಗಳಲ್ಲಿ ಒಂದು ಅಂತ ಲೋಕಕ್ಕೆ ತಿಳಿಸಲು ಹೊರಟ ಆಟದಲ್ಲಿ ದಾರಿ ತಪ್ಪಿದವನೇ ಪಕ್ಕಕ್ಕೆ ಸರಿದಿದ್ದಾನೆ.

ಎರಡನೆಯದು, ಈ ಕಡಲಿನಲ್ಲಿ ಹೆಸರುಗಳಿಗೆ ಕೆಲಸವಿಲ್ಲ. ಯಾವ ಭಾಷೆಯವರೂ ಆಡಬೇಕಾದ್ದರಿಂದ ದಾರಿಯನ್ನು ಕಣ್ಣಿಗೆ ಮಾತ್ರ ಒಪ್ಪಿಸಿದ್ದಾರೆ. ಅಳತೆಗೆ ಅದು ಬೇಕಿತ್ತು, ಒಪ್ಪುತ್ತೇನೆ. 2017ರಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಮಾವನ ಫೋನಿನಲ್ಲಿ ಇದನ್ನು ಆಡುತ್ತಿದ್ದೆ. ಪಕ್ಕದಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ ಇಣುಕಿ ನೋಡಿ, “ಇದು ಯಾವ ಊರು?” ಅಂದರು. ಊರಿಗೆ ಹೆಸರಿಲ್ಲ ಅಂದೆ. “ಹೆಸರಿಲ್ಲದಿದ್ದರೆ ಹೋಗುವುದು ಹೇಗೆ?” ಅಂತ ಕೇಳಿ ಮತ್ತೆ ಅಡಿಕೆಗೆ ಕೈಹಾಕಿದರು. ಆಗ ನಕ್ಕಿದ್ದೆ. ಈಗ ಅದು ಒಳ್ಳೆಯ ವಿಮರ್ಶಾ ಪ್ರಶ್ನೆ ಅನ್ನಿಸುತ್ತದೆ.

ನಮ್ಮ ಕಡೆಯ ಸ್ಥಳನಾಮಗಳು ನೆಲವನ್ನೇ ವಿವರಿಸುತ್ತವೆ. ಬದಿಯಡ್ಕದ ‘ಅಡ್ಕ’ ಅಂದರೆ ಬೆಳೆ ಇಲ್ಲದ ಮೇಲ್ಬಯಲು. ನೀರ್ಚಾಲಿನಲ್ಲಿ ನೀರು ಹರಿಯುವ ಚಾಲು ಇದೆ. ಕಟ್ಟ ಅಂದರೆ ತೋಡಿಗೆ ಹಾಕುವ ಒಡ್ಡು, ಪಳ್ಳ ಅಂದರೆ ನೀರು ನಿಲ್ಲುವ ತಗ್ಗು. ಹೆಸರು ಗೊತ್ತಿದ್ದವರಿಗೆ ಅರ್ಧ ನಕ್ಷೆ ಗೊತ್ತಿದ್ದಂತೆ. ಬಸ್ಸಿನ ಬೋರ್ಡಿನಲ್ಲಿ ಅದೇ ಹೆಸರು ಬೇರೆ ಲಿಪಿಯಲ್ಲಿ, ಬೇರೆ ಉಚ್ಚಾರದಲ್ಲಿ ಬಂದಾಗ ಹಳಬರು ತಡವರಿಸುತ್ತಾರೆ. ಅವರ ಮಿದುಳಿಗೆ ಏನೂ ಆಗಿರುವುದಿಲ್ಲ, ಬದಲಾದದ್ದು ಬೋರ್ಡು.

ಫಲಿತಾಂಶ ಹೇಳುವುದೇನು?

ಸ್ವಾರಸ್ಯ ಏನೆಂದರೆ, ಬೆಳೆದ ಜಾಗ ಮುಖ್ಯ ಅಂತ ಸಾಧಿಸಿದ್ದೂ ಇದೇ ಆಟ. 2022ರ ಅಧ್ಯಯನ 38 ದೇಶಗಳ 3,97,162 ಮಂದಿಯ ಆಟವನ್ನು ನೋಡಿತು. ನಗರದ ಹೊರಗೆ ಬೆಳೆದವರು ಸರಾಸರಿಯಲ್ಲಿ ದಾರಿ ಹುಡುಕುವುದರಲ್ಲಿ ಮುಂದಿದ್ದರು. ಶಿಕಾಗೋದಂತೆ ಚೌಕಚೌಕ ಬೀದಿಗಳಲ್ಲಿ ಬೆಳೆದವರಿಗೆ ಆಟದ ನೇರ ಹಂತಗಳು ಸುಲಭ. ಹಳ್ಳಿಗಳಲ್ಲಿ, ಅಥವಾ ಪ್ರಾಗ್‌ನಂತೆ ಅಡ್ಡಾದಿಡ್ಡಿ ಬೀದಿಯ ಊರುಗಳಲ್ಲಿ ಬೆಳೆದವರಿಗೆ ಗೋಜಲು ಹಂತಗಳು ಸುಲಭ. ತೋಡು ದಾಟಿ, ಗುಡ್ಡೆ ಹತ್ತಿ, ಯಾರದೋ ತೋಟದ ಬದಿಯಲ್ಲಿ ಶಾಲೆಗೆ ಹೋದ ನಮ್ಮಂಥವರಿಗೆ ಇದನ್ನು ಓದಿ ಒಳಗೊಳಗೇ ಸಂತೋಷ. ಆದರೆ ಆಡುವವರಿಗೆ ಬೆಳೆದ ಜಾಗದ ಬಗ್ಗೆ ಕೊಟ್ಟ ಆಯ್ಕೆ ನಾಲ್ಕೇ: ನಗರ, ಉಪನಗರ, ಮಿಶ್ರ, ಹಳ್ಳಿ. ಲೆಕ್ಕದ ಘಟಕ ದೇಶ. ರಾಜ್ಯದ ಘಟಕದಲ್ಲೇ ಸರಿಯಾಗಿ ಕೂರದ ನಾವು ದೇಶದ ಘಟಕದಲ್ಲಿ ಇನ್ನೂ ಕರಗಿಹೋಗುತ್ತೇವೆ.

2019ರ ಇನ್ನೊಂದು ಅಧ್ಯಯನ ಅಲ್ಝೈಮರ್ಸ್ ಅಪಾಯದ ವಂಶವಾಹಿ ಇರುವವರನ್ನು ನೋಡಿತು. ಸಾಮಾನ್ಯ ನೆನಪಿನ ಪರೀಕ್ಷೆಯಲ್ಲಿ ಇವರು ಉಳಿದವರಂತೆಯೇ. ಆಟದಲ್ಲಿ ಮಾತ್ರ ಸುತ್ತುದಾರಿ ಹಿಡಿದರು, ನಡುನೀರಿಗಿಂತ ಅಂಚನ್ನು ನೆಚ್ಚಿ ಸಾಗುವ ಒಲವು ತೋರಿದರು. ಕಾಯಿಲೆ ತೋರುವ ಮೊದಲೇ ಸುಳಿವು ಸಿಗಬಹುದು ಅನ್ನುವುದು ಇದರ ಮಹತ್ವ. ನಾನು ಟೀಕಿಸಿದ ಸರಳತೆಯಿಂದಲೇ ಇದು ಸಾಧ್ಯವಾಯಿತು. ಹಾಗಾಗಿ ತಂಡ ತಪ್ಪು ಮಾಡಿತು ಅಂತ ನಾನು ಹೇಳುತ್ತಿಲ್ಲ. ಅಳತೆ ಗೆದ್ದಿತು, ಕತೆ ಸೊರಗಿತು, ಎರಡನ್ನೂ ಒಟ್ಟಿಗೆ ಹೇಳಬೇಕು ಅಷ್ಟೆ.

ಚರ್ಚೆಯಿಂದ

ಪ್ರಶ್ನೆ: ದಾರಿಯ ಹೆಸರು ಹೇಳುವುದು ಮಾತಿನ ನೆನಪು. ಆಟ ಅಳೆಯುವುದು ದಿಕ್ಕಿನ ತಿಳಿವಳಿಕೆ. ಎರಡನ್ನೂ ಬೆರೆಸುತ್ತಿದ್ದೀರಲ್ಲ?

ಉತ್ತರ: ಹೌದು, ಆ ಆಕ್ಷೇಪ ಸರಿ. ಅವು ಬೇರೆ ಬೇರೆ. ಈಗ ಅಜ್ಜಿಗೆ ಮರೆವು ಜೋರಾಗಿದೆ. ನನ್ನನ್ನು ಕೆಲವೊಮ್ಮೆ ಅಮ್ಮನ ಹೆಸರಿನಿಂದ ಕರೆಯುತ್ತಾರೆ. ತವರುಮನೆಗೆ ಹೇಗೆ ಹೋಗುವುದು ಅಂದರೆ ಒಂಬತ್ತು ಜಾಗದ ಹೆಸರುಗಳನ್ನು ಅನುಕ್ರಮ ತಪ್ಪದೆ ಹೇಳುತ್ತಾರೆ. ಆದರೆ ಹೋದ ವರ್ಷ ನಮ್ಮದೇ ತೋಟದಲ್ಲಿ ದಾರಿ ತಪ್ಪಿ ಸಂಜೆವರೆಗೆ ಪಂಪುಶೆಡ್ಡಿನ ಹತ್ತಿರ ಕೂತಿದ್ದರು. ಅಂದರೆ ಹೆಸರು ಉಳಿದಿದೆ, ದಾರಿ ಹೋಗಿದೆ. ಆಟದ ವಿಜ್ಞಾನ ನನಗೆ ಆ ಸಂಜೆಯನ್ನು ಅರ್ಥಮಾಡಿಸಿತು. ಅಜ್ಜಿಯಲ್ಲಿ ಉಳಿದ ಒಂಬತ್ತು ಹೆಸರುಗಳನ್ನು ಕೇಳಿಸಿಕೊಳ್ಳುವ ಜಾಗ ಮಾತ್ರ ಆ ಆಟದಲ್ಲಿರಲಿಲ್ಲ. ಅವನ್ನು ನಾನು ಬರೆದುಕೊಂಡಿದ್ದೇನೆ. ಎರಡು ಹೆಸರುಗಳ ಜಾಗ ಎಲ್ಲಿ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಈ ರಜೆಯಲ್ಲಿ ನಡೆದು ಹುಡುಕಬೇಕು ಅಂತಿದ್ದೇನೆ.