ಒಲವು ಮತ್ತು ಅನುಮಾನ: ಗಣಕಯುಗದ ವಿಮರ್ಶೆಯನ್ನು ಕುರಿತು ಒಂದು ಟಿಪ್ಪಣಿ

ಯಂತ್ರವನ್ನು ಕುರಿತ ನಮ್ಮ ಚಿಂತನೆ ಬಹುಮಟ್ಟಿಗೆ ಯಂತ್ರದ ಹೊರಗೆ ನಿಂತು ನಡೆದದ್ದು. ಗಾಂಧೀಜಿಯವರ 'ಹಿಂದ್ ಸ್ವರಾಜ್' (1909) ಕೃತಿಯಿಂದ ಹೆಗ್ಗೋಡಿನ ಪ್ರಸನ್ನ ಅವರ 'ಯಂತ್ರಗಳನ್ನು ಕಳಚೋಣ ಬನ್ನಿ' ವರೆಗೆ ಹರಿದುಬಂದಿರುವ ಈ ಧಾರೆಯ ನೈತಿಕ ಬಲವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಣಕಯಂತ್ರವನ್ನು ದಿನವೂ ಬಳಸುವ, ಅಷ್ಟೇ ಏಕೆ, ಮನಸಾರೆ ಮೆಚ್ಚುವ ವ್ಯಕ್ತಿಯೊಬ್ಬ ಅದೇ ಯಂತ್ರದ ಒಡೆಯರನ್ನು ಅನುಮಾನಿಸತೊಡಗಿದಾಗ ಹುಟ್ಟುವ ವಿಮರ್ಶೆ ಬೇರೆ ಜಾತಿಯದು. ಅದಕ್ಕೆ ಯಂತ್ರದ ಒಳಗು ಗೊತ್ತು. ಆದ್ದರಿಂದ ಅದರ ಸಿಟ್ಟು ನಿರ್ದಿಷ್ಟವಾದದ್ದು. ಈ ಬಗೆಯ ವಿಮರ್ಶೆ ಅಮೆರಿಕೆಯಲ್ಲಿ ಬೆಳೆದ ಪರಿಯನ್ನೂ, ರಾಜ್ಯದ ಹೊರಗೆ ಕುಳಿತು ಕನ್ನಡದಲ್ಲಿ ಕೆಲಸಮಾಡುವ ನಮ್ಮಂಥವರಿಗೆ ಅದು ಎಲ್ಲಿಯವರೆಗೆ ಒದಗೀತು ಎಂಬುದನ್ನೂ ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ಈ ಪಂಥಕ್ಕೆ ಸೇರಿದವರೆಂದು ಹೇಳಬಹುದಾದ ಮೂವರನ್ನು ಮುಂದಿಟ್ಟುಕೊಳ್ಳೋಣ. ಸ್ವತಂತ್ರ ತಂತ್ರಾಂಶ ಚಳವಳಿಯ ಪ್ರವರ್ತಕ ರಿಚರ್ಡ್ ಸ್ಟಾಲ್ಮನ್ 1997ರಲ್ಲಿ 'ಓದುವ ಹಕ್ಕು' ಎಂಬ ಅರ್ಥದ ಶೀರ್ಷಿಕೆಯುಳ್ಳ ಚಿಕ್ಕದೊಂದು ಕಥೆ ಪ್ರಕಟಿಸಿದರು. ಅದರಲ್ಲಿ ಗೆಳತಿಗೆ ತನ್ನ ಗಣಕವನ್ನು ಎರವಲು ಕೊಟ್ಟರೆ ಅದರೊಳಗಿನ ಪುಸ್ತಕಗಳನ್ನು ಆಕೆ ಓದಿಬಿಟ್ಟಾಳು, ಅದು ಅಪರಾಧವಾದೀತು ಎಂದು ವಿದ್ಯಾರ್ಥಿಯೊಬ್ಬ ತಳಮಳಿಸುತ್ತಾನೆ. ಕಥೆಯಾಗಿ ಅದು ತೆಳು. ಪಾತ್ರಗಳು ವಾದದ ಗೂಟಗಳಷ್ಟೇ. ಎರಡನೆಯವರು ಜೇರನ್ ಲೇನಿಯರ್. ಕೃತಕವಾಸ್ತವ ತಂತ್ರಜ್ಞಾನವನ್ನು ಕಟ್ಟಿದ ಮೊದಲಿಗರಲ್ಲಿ ಒಬ್ಬರಾದ ಇವರು 2010ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ, ಜಾಲತಾಣಗಳು ಮನುಷ್ಯನನ್ನು ಅರ್ಜಿ ನಮೂನೆಯ ಖಾಲಿ ಚೌಕಗಳಿಗೆ ಇಳಿಸುತ್ತಿವೆ ಎಂದು ಆಕ್ಷೇಪಿಸಿದರು. ಮೂರನೆಯವರಾದ ಕಾದಂಬರಿಕಾರ, ಪತ್ರಕರ್ತ ಕೋರಿ ಡಾಕ್ಟರೋ ತಮ್ಮ ಮೊದಲ ಕಾದಂಬರಿಯನ್ನು 2003ರಲ್ಲಿ ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದಾದ ಪರವಾನಗಿಯಲ್ಲಿ ಬಿಡುಗಡೆ ಮಾಡಿದವರು. ಇವರು 2022ರಲ್ಲಿ ಟಂಕಿಸಿದ 'ಎನ್‌ಶಿಟಿಫಿಕೇಶನ್' ಎಂಬ ಪದವನ್ನು ಅಮೆರಿಕನ್ ಉಪಭಾಷಾ ಸಂಘವು 2023ರ ವರ್ಷದ ಪದವಾಗಿ ಆರಿಸಿತು. ಪದ ಅಶ್ಲೀಲವೇ, 'ಹೊಲಸೇಳುವಿಕೆ' ಎಂದರೆ ಕನ್ನಡದಲ್ಲಿ ತುಸು ಮರ್ಯಾದೆ ಉಳಿದೀತು. ಇವರ ಪ್ರಕಾರ ಕಂಪನಿಯು ಮೊದಲು ಬಳಕೆದಾರನನ್ನು ಓಲೈಸುತ್ತದೆ. ಅವನು ಬಿಟ್ಟುಹೋಗಲಾರದ ಸ್ಥಿತಿ ತಲುಪಿದ ಮೇಲೆ ಅವನನ್ನು ವ್ಯಾಪಾರಿಗಳಿಗೆ ಒಪ್ಪಿಸುತ್ತದೆ. ಕಡೆಗೆ ಆ ವ್ಯಾಪಾರಿಗಳನ್ನೂ ಹಿಂಡಿ ಎಲ್ಲವನ್ನೂ ತನ್ನ ಉಗ್ರಾಣಕ್ಕೆ ತುಂಬಿಕೊಳ್ಳುತ್ತದೆ.

ಸ್ಟಾಲ್ಮನ್ನರ ಕಥೆ ತೆಳುವಾಗಿದ್ದರೂ ಅದರ ಭಯಕ್ಕೆ ಲೋಕವೇ ಸಾಕ್ಷ್ಯ ಒದಗಿಸಿತು. 2009ರ ಜುಲೈ ತಿಂಗಳಲ್ಲಿ ಅಮೆಜಾನ್ ಕಂಪನಿಯು, ಹಕ್ಕಿಲ್ಲದ ಪ್ರಕಾಶಕರೊಬ್ಬರು ಮಾರಿದ್ದವು ಎಂಬ ಕಾರಣಕ್ಕೆ, ಜಾರ್ಜ್ ಆರ್ವೆಲ್‌ನ '1984' ಮತ್ತು 'ಅನಿಮಲ್ ಫಾರ್ಮ್' ಕೃತಿಗಳ ಪ್ರತಿಗಳನ್ನು ಕೊಂಡವರ ಕಿಂಡಲ್ ಸಾಧನಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಣ ಹಿಂದಿರುಗಿಸಿತು, ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಕಣ್ಗಾವಲಿನ ಪ್ರಭುತ್ವವನ್ನು ಕುರಿತ ಕಾದಂಬರಿಯೇ ಹೀಗೆ ಮಾಯವಾದದ್ದರ ವ್ಯಂಗ್ಯವನ್ನು ಆಗ ಎಲ್ಲರೂ ಸವಿದರು. ನಮ್ಮ ಗಮನ ಸೆಳೆಯುವುದು ಅದರ ಪಕ್ಕದ ಸಂಗತಿ: ಪಾಠಕ್ಕಾಗಿ ಆ ಕಾದಂಬರಿ ಓದುತ್ತಿದ್ದ ಶಾಲಾ ವಿದ್ಯಾರ್ಥಿಯೊಬ್ಬ ಪುಟಪುಟಕ್ಕೂ ಮಾಡಿಕೊಂಡಿದ್ದ ಟಿಪ್ಪಣಿಗಳು ಆಧಾರಪಠ್ಯವಿಲ್ಲದೆ ನಿರರ್ಥಕವಾದವು, ಅವನು ನ್ಯಾಯಾಲಯದ ಮೆಟ್ಟಿಲು ಹತ್ತಿದ. ಹತ್ತು ವರ್ಷಗಳ ಬಳಿಕ, 2019ರಲ್ಲಿ, ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿಯನ್ನು ಮುಚ್ಚಿದಾಗ ಮಾರಿದ ಪುಸ್ತಕಗಳೆಲ್ಲ ಇಲ್ಲವಾದವು. ಬೆಲೆ ಮರಳಿಸಿದ್ದಲ್ಲದೆ, ಪುಸ್ತಕದಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಹೆಚ್ಚುವರಿಯಾಗಿ 25 ಡಾಲರುಗಳನ್ನು ಕೊಡಲಾಯಿತು. ಅಂಚಿನ ಟಿಪ್ಪಣಿಗೆ ಮಾರುಕಟ್ಟೆ ಬೆಲೆ ಕಟ್ಟಿದ ಅಪರೂಪದ ಪ್ರಸಂಗವಿದು. ಅಂಚಿನ ಬರಹವೇ ಜೀವನಾಧಾರವಾಗಿರುವ ಸಂಶೋಧಕ ವರ್ಗಕ್ಕೆ ಈ ಮೊತ್ತ ಹೆಚ್ಚೋ ಕಡಿಮೆಯೋ ಎಂಬುದನ್ನು ಓದುಗರೇ ನಿರ್ಧರಿಸಬೇಕು.

ಇಲ್ಲಿಯವರೆಗೆ ಈ ವಿಮರ್ಶಕರೊಡನೆ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಇವರ ಸಂಶಯವೆಲ್ಲ ಒಂದು ಪೂರ್ವಗೃಹೀತದ ಮೇಲೆ ನಿಂತಿದೆ: ಕಂಪನಿಯು ತಮ್ಮನ್ನು ಮೊದಲು ಓಲೈಸಿತು ಎಂಬುದೇ ಆ ಪೂರ್ವಗೃಹೀತ. ಡಾಕ್ಟರೋ ಹೇಳುವ ಪತನದ ಮೊದಲ ಮೆಟ್ಟಿಲು ಸುಖದ ಮೆಟ್ಟಿಲು. ಆ ಸುಖವನ್ನೇ ಕಾಣದ ಭಾಷೆಗಳ ಪಾಡೇನು? 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ವಿದ್ಯುನ್ಮಾನ ಪುಸ್ತಕಗಳನ್ನು ಕಿಂಡಲ್‌ಗೆ ತಂದಿತು. ಆಗ ಆರಿಸಿಕೊಂಡದ್ದು ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಎಂಬ ಐದು ಭಾಷೆಗಳನ್ನು. ಮುಂಬಯಿಯಲ್ಲಿ ಮರಾಠಿ ಓದುಗನ, ಚೆನ್ನೈಯಲ್ಲಿ ತಮಿಳು ಓದುಗನ ಪಕ್ಕದ ಮನೆಯಲ್ಲೇ ವಾಸಿಸುವ ಕನ್ನಡಿಗ, ನೆರೆಯವನ ಕೈಯಲ್ಲಿ ಹೊಸ ಪುಸ್ತಕ ಕ್ಷಣಾರ್ಧದಲ್ಲಿ ತೆರೆದುಕೊಳ್ಳುವುದನ್ನು ನೋಡುತ್ತ, ಬೆಂಗಳೂರಿಗೋ ಧಾರವಾಡಕ್ಕೋ ಹೋಗಿಬರುವವರ ಚೀಲವನ್ನೇ ನೆಚ್ಚಿಕೊಳ್ಳಬೇಕಾಯಿತು. ಅದೇ ಪುಸ್ತಕಗಳನ್ನು ಅದೇ ಕಂಪನಿ ದೂರದಿಂದ ಅಳಿಸಬಲ್ಲದೆಂಬ ಅರಿವು ಅವನಿಗೂ ಇತ್ತು. ಆದರೂ ಬಾಗಿಲು ತೆರೆಯಿರೆಂದು ಕೇಳುವವರ ಸಾಲಿನಲ್ಲಿ ಅವನು ನಿಂತ. ಕನ್ನಡದ ಸಂಶಯವಾದಿಗೆ ಹೀಗೆ ಎರಡು ಹೊರೆಗಳು: ಒಳಗೆ ಸೇರಿಸಿಕೊಳ್ಳಿರೆಂದು ಕಂಪನಿಯನ್ನು ಒತ್ತಾಯಿಸಬೇಕು, ಅದೇ ಉಸಿರಿನಲ್ಲಿ ಅದನ್ನು ನಂಬದೆಯೂ ಇರಬೇಕು. ಹೀಗೆ ಎರಡೂ ಕಡೆ ಎಳೆದಾಡುವ ಮನಸ್ಸು ಅಮೆರಿಕೆಯ ಮೂವರ ಬರಹದಲ್ಲಿ ಎಲ್ಲೂ ಕಾಣಿಸದು. ಅವರನ್ನು ಯಥಾವತ್ತಾಗಿ ಆಮದು ಮಾಡಿಕೊಂಡ ಕನ್ನಡ ಲೇಖನಗಳು ಎರವಲು ಅಂಗಿಯಂತೆ ಕಾಣುವುದು ಈ ಕಾರಣದಿಂದಲೇ.

ಹಾಗಾದರೆ ನಮ್ಮ ಅನುಮಾನಕ್ಕೆ ಅಳತೆಗೋಲು ಯಾವುದು? ಎರಡು ತಪ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡುವುದರಿಂದ ಉತ್ತರದ ದಿಕ್ಕು ತಿಳಿಯಬಹುದು.

ಮೊದಲನೆಯದು ಎಲ್ಲರಿಗೂ ನೆನಪಿರುವುದು. 2021ರ ಜೂನ್ ಮೊದಲ ವಾರದಲ್ಲಿ, ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ ಶೋಧಯಂತ್ರ ಕನ್ನಡದ ಹೆಸರನ್ನು ಉತ್ತರವಾಗಿ ತೋರಿಸಿತು. ನಾಡು ಕೆರಳಿತು, ಸರ್ಕಾರ ಎಚ್ಚರಿಸಿತು, ಕಂಪನಿ ಉತ್ತರವನ್ನು ತೆಗೆದು ಕ್ಷಮೆ ಕೋರಿ, ಇದು ತನ್ನ ಅಭಿಪ್ರಾಯವಲ್ಲವೆಂದಿತು. ಅಭಿಮಾನದ ಗದ್ದಲದಲ್ಲಿ ಮರೆಯಾದ ವಿಷಯವೊಂದಿದೆ. ಎಲ್ಲೋ ಯಾವುದೋ ತಾಣದಲ್ಲಿದ್ದ ಸಾಲನ್ನು ಎತ್ತಿ, ದೊಡ್ಡಕ್ಷರದಲ್ಲಿ, ಚೌಕಟ್ಟು ಹಾಕಿ, ಉತ್ತರದ ಗತ್ತಿನಲ್ಲಿ ಮಂಡಿಸಿದ್ದು ಕಂಪನಿಯ ಯಂತ್ರವೇ. ಆದರೂ ಆ ವಾಕ್ಯಕ್ಕೆ ಕರ್ತೃವಿಲ್ಲ. ಕರ್ತೃವಿಲ್ಲದ್ದರಿಂದ ಚರ್ಚಿಸಲು ಯಾರೂ ಇಲ್ಲ. ತಪ್ಪು ಹೇಗೆ ಹುಟ್ಟಿತೋ ಹಾಗೆಯೇ ಮಾಯವಾಯಿತು. ಯಂತ್ರದ ಒಳಗೆ ಏನನ್ನು ತಿದ್ದಲಾಯಿತೆಂದು ಹೊರಗಿನವರು ಪರಿಶೀಲಿಸುವ ದಾರಿ ಉಳಿಯಲಿಲ್ಲ.

ಎರಡನೆಯ ತಪ್ಪು ಹಳಗನ್ನಡದ ವಿದ್ವಾಂಸರಿಗೆ ಹತ್ತಿರದ್ದು, ಆದರೆ ಅವರಲ್ಲೇ ಅನೇಕರಿಗೆ ಅಪರಿಚಿತ. 1991ರಲ್ಲಿ ಪ್ರಕಟವಾದ ಯುನಿಕೋಡ್ ಸಂಕೇತ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಪಂಪ, ರನ್ನರ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಮತ್ತೆ ಮತ್ತೆ ಎದುರಾಗುವ 'ೞ' ಅಕ್ಷರಕ್ಕೂ ಅಲ್ಲಿ ಒಂದು ಸಂಖ್ಯೆ ದೊರೆಯಿತು. ಆದರೆ ಅದಕ್ಕೆ ಇಟ್ಟ ಹೆಸರು 'ಎಫ್‌ಎ', ಅಂದರೆ 'ಫ್ಯಾನ್' ಪದದ ಮೊದಲಲ್ಲಿ ಕೇಳಿಬರುವ ಧ್ವನಿ! ಕೇಶಿರಾಜನ ವ್ಯಾಕರಣವನ್ನು ಒಮ್ಮೆ ತಿರುವಿದವರೂ ಇಂಥ ಪ್ರಮಾದ ಮಾಡಲಾರರು. ಇನ್ನೊಂದು ವಿಚಿತ್ರವೆಂದರೆ, ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬ ನಿಯಮ ಆ ವ್ಯವಸ್ಥೆಯಲ್ಲಿದೆ. ಹಳೆಯ ತಂತ್ರಾಂಶಗಳು ಮುರಿದುಬೀಳದಿರಲಿ ಎಂಬುದು ಅದರ ಉದ್ದೇಶ. ಆದ್ದರಿಂದ 'ಎಫ್‌ಎ' ಇಂದಿಗೂ ಕೋಷ್ಟಕದಲ್ಲಿ ಉಳಿದಿದೆ. ಪಕ್ಕದಲ್ಲೇ, ಈ ಹೆಸರು ತಪ್ಪಾಗಿ ಬಂದದ್ದೆಂಬ ಸೂಚನೆಯೂ, ರೋಮನ್ ಲಿಪಿಯ ಎಲ್ ಅಕ್ಷರವನ್ನು ಮೂರು ಬಾರಿ ಬರೆದು ರೂಪಿಸಿದ ಸರಿಯಾದ ಉಪನಾಮವೂ ಇವೆ. ಗ್ರಂಥಸಂಪಾದನೆ ಬಲ್ಲವರಿಗೆ ಈ ಪದ್ಧತಿ ಹೊಸದಲ್ಲ. ಮೂಲದ ಪಾಠವನ್ನು ಅಳಿಸದೆ ಅಡಿಟಿಪ್ಪಣಿಯಲ್ಲಿ ಶುದ್ಧಪಾಠ ಕೊಡುವ ಕ್ರಮವೇ ಇದು. ತಪ್ಪು ಎಲ್ಲರಿಗೂ ಕಾಣುವಂತಿದೆ, ತಿದ್ದುಪಡಿಯೂ ಕಾಣುವಂತಿದೆ. ಗೂಗಲ್‌ನ ಮಾಯವಾದ ಚೌಕಟ್ಟಿಗಿಂತ ಈ ಉಳಿದುಕೊಂಡ ಪ್ರಮಾದ ನಮಗೆ ಹೆಚ್ಚು ವಿಶ್ವಾಸಾರ್ಹ.

ಇಷ್ಟು ಹೇಳಿದ ಕೂಡಲೇ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಯುನಿಕೋಡ್ ಒಕ್ಕೂಟವಾದರೂ ಕ್ಯಾಲಿಫೋರ್ನಿಯದಲ್ಲಿ ನೋಂದಾಯಿತವಾದದ್ದು. ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮುಂತಾದ ಕಂಪನಿಗಳೇ ಅದರಲ್ಲಿ ಶುಲ್ಕ ತೆತ್ತು ಮತಾಧಿಕಾರ ಪಡೆದಿರುವ ಪ್ರಮುಖ ಸದಸ್ಯರು. ಮುದ್ರಿತ ಪುಟವನ್ನು ಓದಿ ಅಕ್ಷರವಾಗಿಸುವ ಟೆಸರಾಕ್ಟ್ ತಂತ್ರಾಂಶ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾಗಿ, 2006ರಿಂದ ಗೂಗಲ್ ಆಶ್ರಯದಲ್ಲಿ ಬೆಳೆಯಿತು. ಗೂಗಲ್‌ನ ನೋಟೋ ಸರಣಿಯ ಕನ್ನಡ ಅಕ್ಷರರೂಪಗಳೂ ಮುಕ್ತವಾಗಿ ದೊರೆಯುತ್ತವೆ. ಕಂಪನಿಯೆಂದರೆ ಕೇಡು ಎಂಬ ಸರಳ ಸಮೀಕರಣ ಇಲ್ಲಿ ನಿಲ್ಲುವುದಿಲ್ಲ. ಕೊಟ್ಟವರು ಯಾರೆಂಬುದಕ್ಕಿಂತ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಅವರಿಗೆ ಸಾಧ್ಯವೇ ಎಂದು ಕೇಳುವುದು ಹೆಚ್ಚು ಫಲಕಾರಿ. ನಾಳೆ ಗೂಗಲ್ ಮುಚ್ಚಿದರೂ ನಮ್ಮ ಯಂತ್ರದಲ್ಲಿರುವ ನೋಟೋ ಅಕ್ಷರಗಳು ಉಳಿಯುತ್ತವೆ. 2014ರ ಸೆಪ್ಟೆಂಬರ್ 30ರಂದು ಅದೇ ಕಂಪನಿ ಆರ್ಕುಟ್ ತಾಣವನ್ನು ಮುಚ್ಚಿದಾಗ ಅಲ್ಲಿ ಸೇರುತ್ತಿದ್ದವರಿಗೆ ಮಾತು ಮುಂದುವರಿಸಲು ಆ ಜಾಗ ಉಳಿಯಲಿಲ್ಲ.

ಈ ಅಳತೆಗೋಲನ್ನು ನಮ್ಮವರಿಗೂ ಹಿಡಿಯಬೇಕು. ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಬಹುತೇಕ ಅಕ್ಷರಜೋಡಣೆ ನಡೆದದ್ದು ಆಯಾ ತಯಾರಕರ ಖಾಸಗಿ ಫಾಂಟು ಸಂಕೇತಗಳಲ್ಲಿ. ಅಲ್ಲಿ ಗಣಕಕ್ಕೆ ಗೊತ್ತಿದ್ದುದು ಅಕ್ಷರದ ಚಿತ್ರಖಂಡಗಳು ಮಾತ್ರ. 'ಅರ್ಕ' ಎಂದು ಬರೆದರೆ ಯುನಿಕೋಡ್ ಉಚ್ಚಾರಣೆಯ ಕ್ರಮದಲ್ಲಿ ಅಕಾರ, ರೇಫ, ವಿರಾಮ, ಕಕಾರಗಳನ್ನು ದಾಖಲಿಸುತ್ತದೆ. ಹಳೆಯ ಕಡತದಲ್ಲಾದರೋ ಕಕಾರ ಮೊದಲು, ಅರ್ಕಾವೊತ್ತಿನ ಕೊಕ್ಕೆ ಆಮೇಲೆ, ಕಣ್ಣಿಗೆ ಕಂಡಂತೆ. ಹೀಗಾಗಿ ಅಕಾರಾದಿ ಜೋಡಣೆ ಕೆಡುತ್ತಿತ್ತು, ಪದಶೋಧ ಸಾಧ್ಯವಿರಲಿಲ್ಲ, ಫಾಂಟು ಕೈತಪ್ಪಿದರೆ ಇಡೀ ಪ್ರಬಂಧ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗುತ್ತಿತ್ತು. ಹೊರನಾಡಿನ ವಿಭಾಗಗಳಲ್ಲಿ ಸಿದ್ಧವಾದ ಮಹಾಪ್ರಬಂಧಗಳ ಇಂಥ ಕಡತಗಳನ್ನು ನಾವೇ ತೆರೆದು, ಓದಲಾರದೆ, ಮುಚ್ಚಿದ್ದುಂಟು. ವರ್ಷಗಟ್ಟಲೆ ಊರೂರು ಅಲೆದು ಕಲೆಹಾಕಿದ ಸಾಮಗ್ರಿ ಅವುಗಳಲ್ಲಿತ್ತು. ಇದಕ್ಕೆ ಯಾವ ಅಮೆರಿಕನ್ ಕಂಪನಿಯೂ ಕಾರಣವಲ್ಲ.

ಕನ್ನಡದಲ್ಲಿ ಒಲವು ಮತ್ತು ಅನುಮಾನ ಎರಡನ್ನೂ ಒಟ್ಟಿಗೆ ಬದುಕಿದವರು ಪೂರ್ಣಚಂದ್ರ ತೇಜಸ್ವಿ. ಕ್ಯಾಮೆರಾ, ಸ್ಕೂಟರು, ಗಣಕ ಯಾವುದಾದರೂ ಸರಿ, ಬಿಚ್ಚಿ ನೋಡುವ ಕುತೂಹಲ ಅವರದು. ಮೂಡಿಗೆರೆಯ ತೋಟದಲ್ಲಿ ಕುಳಿತು ಕನ್ನಡ ತಂತ್ರಾಂಶದ ಬಗೆಗೆ ಅವರು ತಳೆದ ಹಠ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು ಕನ್ನಡ ತಂತ್ರಾಂಶ'ದ ಹಿಂದಿನ ಅವರ ಒತ್ತಾಸೆ, ಇವನ್ನು ಸಾಹಿತ್ಯ ವಿಮರ್ಶಕರು ಹವ್ಯಾಸದ ಖಾತೆಗೆ ಹಾಕಿ ಸುಮ್ಮನಾಗಿದ್ದಾರೆ. 'ಕರ್ವಾಲೊ' ಕಾದಂಬರಿಯ ಕುತೂಹಲವೂ ಈ ಹಠವೂ ಒಂದೇ ಬೇರಿನವು ಎಂಬುದು ನಮ್ಮ ಅಭಿಪ್ರಾಯ. ಇದನ್ನು ವಿಸ್ತರಿಸಲು ಪ್ರತ್ಯೇಕ ಲೇಖನವೇ ಬೇಕು.

ಸಂಗ್ರಹಗಳ ವಿಷಯ ಇನ್ನೂ ಜಟಿಲ. ಸಾರ್ವಜನಿಕ ಹಣದಲ್ಲಿ ನಡೆದ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಯೋಜನೆಯಲ್ಲಿ ಕನ್ನಡದ ಹಳೆಯ ಮುದ್ರಣಗಳೂ ಛಾಯಾಪ್ರತಿಗೊಂಡವು. ಆ ತಾಣ ಮುಂದೆ ಸ್ಥಗಿತಗೊಂಡರೂ ಪುಸ್ತಕಗಳು ನಮಗೆ ಸಿಗುತ್ತಿವೆ; ಆಸಕ್ತರು ಅವನ್ನು ಪ್ರತಿ ಮಾಡಿ ಅಮೆರಿಕದ 'ಇಂಟರ್‌ನೆಟ್ ಆರ್ಕೈವ್' ಸಂಸ್ಥೆಯ ಭಂಡಾರದಲ್ಲಿ ಇರಿಸಿದ್ದೇ ಇದಕ್ಕೆ ಕಾರಣ. 2024ರ ಅಕ್ಟೋಬರ್‌ನಲ್ಲಿ ಆ ಭಂಡಾರದ ಮೇಲೆ ದಾಳಿ ನಡೆದು, ಅದು ಹಲವು ದಿನ ತೆರೆಯದಾಯಿತು. ದೆಹಲಿಯಲ್ಲೋ ಪುಣೆಯಲ್ಲೋ ಕುಳಿತು ಅದನ್ನೇ ಗ್ರಂಥಾಲಯವೆಂದು ನೆಚ್ಚಿದ ಕನ್ನಡ ಸಂಶೋಧಕನಿಗೆ ಆ ದಿನಗಳಲ್ಲಿ ಗ್ರಂಥಾಲಯವೇ ಇರಲಿಲ್ಲ. ಲಾಭದ ಹಂಗಿಲ್ಲದ, ಸದುದ್ದೇಶದ ಸಂಸ್ಥೆಯೂ ಒಂದೇ ಕೊಂಡಿಯಾದಾಗ ದುರ್ಬಲವೇ. ನಮ್ಮ ವಿಭಾಗಗಳು ತಮಗೆ ಬೇಕಾದ ಕನ್ನಡ ಗ್ರಂಥಗಳಲ್ಲಿ ಹಕ್ಕುಸ್ವಾಮ್ಯ ತೀರಿದವುಗಳ ಪ್ರತಿಯನ್ನು ತಮ್ಮದೇ ಯಂತ್ರಗಳಲ್ಲಿ ಇರಿಸಿಕೊಳ್ಳುವುದಕ್ಕೆ ಕಾನೂನಿನ ತೊಡಕಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ಇಲ್ಲದಿರುವುದು ಆ ಅಭ್ಯಾಸ ಮಾತ್ರ.

ಇತ್ತೀಚಿನ ಭಾಷಾಮಾದರಿಗಳ ವಿಷಯದಲ್ಲೂ ಇದೇ ಪ್ರಶ್ನೆಗಳನ್ನು ಕೇಳಬಹುದು. ಚೆನ್ನೈಯ ಐಐಟಿಯಲ್ಲಿರುವ 'ಎಐ4ಭಾರತ್' ತಂಡ 2023ರಲ್ಲಿ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅನುವಾದ ಮಾದರಿ ರಚಿಸಿ ಮುಕ್ತವಾಗಿ ಬಿಟ್ಟಿತು. ಅದು ಕನ್ನಡವನ್ನು ಎಲ್ಲಿ ಎಡವಿ ಅನುವಾದಿಸುತ್ತದೆಂದು ಅದನ್ನು ಬಿಚ್ಚಿ ಪರೀಕ್ಷಿಸುವ ಅವಕಾಶ ನಮಗಿದೆ. ಮುಚ್ಚಿದ ಮಾದರಿಗಳಲ್ಲಿ ಅಂಥ ಅವಕಾಶವಿಲ್ಲ. ಅಲ್ಲಿ ಉತ್ತರ ಬರುತ್ತದೆ, ಅದು ಬಂದ ದಾರಿ ಕಾಣುವುದಿಲ್ಲ. ಹಳಗನ್ನಡದ ಒಂದು ಪದ್ಯವನ್ನು ಇಂಥ ಯಂತ್ರಕ್ಕೆ ಕೊಟ್ಟು ಅದು 'ೞ'ಕಾರವನ್ನು 'ಳ'ಕಾರವೆಂದು ಓದುತ್ತದೆಯೇ, 'ಱ'ಕಾರವನ್ನು ರೇಫದೊಡನೆ ಬೆರೆಸುತ್ತದೆಯೇ ಎಂದು ನೋಡುವ ಕೆಲಸವನ್ನು ಹೊರನಾಡಿನ ಯಾವ ವಿದ್ಯಾರ್ಥಿಯೂ ಇಂದೇ ಕೈಗೊಳ್ಳಬಹುದು. ಅಂಥ ಪರೀಕ್ಷೆಯ ಫಲಿತಾಂಶಗಳನ್ನು, ತಪ್ಪುಗಳ ಪಟ್ಟಿಯ ಸಮೇತ, ಈ ಪುಟಗಳಲ್ಲಿ ಕಾಣಲು ನಾವು ಬಯಸುತ್ತೇವೆ.