ಬಸುರಿಗೆ ಕೇಳುವ ಪ್ರಶ್ನೆ

ಬಸುರಿ ಕುಡಿಯಬಾರದು ಎಂಬ ಸಲಹೆಯಲ್ಲಿ ತಕರಾರಿಲ್ಲ. 1973ರಲ್ಲಿ ಸಿಯಾಟಲ್‌ನ ವೈದ್ಯರು, ತಾಯಿಯ ಕುಡಿತದಿಂದ ಗರ್ಭದಲ್ಲೇ ಮಗುವಿಗಾಗುವ ಹಾನಿಗೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಎಂದು ಹೆಸರಿಟ್ಟ ಮೇಲೆ ಅದರ ಆಧಾರ ಗಟ್ಟಿಯಾಗುತ್ತಲೇ ಬಂದಿದೆ. ನನ್ನ ತಕರಾರು, ಅಮೆರಿಕದ ಆರೋಗ್ಯ ವ್ಯವಸ್ಥೆ ಅದನ್ನು ಯಾವಾಗ, ಯಾವ ದನಿಯಲ್ಲಿ ಹೇಳಿತು ಎಂಬುದರ ಬಗ್ಗೆ.

‘ಕುಡಿಯುತ್ತೀರಾ?’ ಎಂದರೆ ಯಾವ ಬಸುರಿ ಹೌದೆಂದಾಳು? ಡೆಟ್ರಾಯಿಟ್‌ನ ಪ್ರಸೂತಿ ತಜ್ಞ ರಾಬರ್ಟ್ ಸೋಕಾಲ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಟಿ-ಏಸ್ ಪ್ರಶ್ನಾವಳಿ ಈ ಮುಜುಗರವನ್ನು ಬಳಸಿಕೊಂಡು ಹೋಗುತ್ತದೆ. ಅದರ ನಾಲ್ಕು ಪ್ರಶ್ನೆಗಳಲ್ಲಿ ಮೊದಲನೆಯದು: ಅಮಲೇರಲು ನಿಮಗೆ ಎಷ್ಟು ಡ್ರಿಂಕ್ ಬೇಕು? ಎರಡಕ್ಕಿಂತ ಹೆಚ್ಚು ಎಂದರೆ ಆ ಉತ್ತರವೊಂದೇ ಅಪಾಯದ ಗೆರೆ ಮುಟ್ಟಿಸುತ್ತದೆ. ತಪ್ಪೊಪ್ಪಿಸದೆ, ಮೈಗೆ ಮದ್ಯ ಎಷ್ಟು ರೂಢಿಯಾಗಿದೆ ಎಂದು ತಿಳಿಯುವ ಈ ಜಾಣತನ ನನಗೆ ಬಹಳ ಹಿಡಿಸಿದೆ. ಆದರೂ ಪ್ರಶ್ನೆ ತಡವಾಗಿ ಬರುತ್ತದೆ. ತಪಾಸಣೆಗೆ ಬರುವ ಹೊತ್ತಿಗೆ ಭ್ರೂಣದ ಮುಖ, ಮೆದುಳು ರೂಪುಗೊಳ್ಳುವ ಮೊದಲ ವಾರಗಳು ಬಹುಮಂದಿಗೆ ಕಳೆದೇ ಹೋಗಿರುತ್ತವೆ.

2007ರಲ್ಲಿ ಫಲಿತಾಂಶ ಪ್ರಕಟಿಸಿದ ‘ಪ್ರಾಜೆಕ್ಟ್ ಚಾಯ್ಸಸ್’ ಎಂಬ ಪ್ರಯೋಗ ಮಾತಾಡಿಸಿದ್ದು ಬಸುರಿಯರನ್ನಲ್ಲ, ಕುಡಿಯುತ್ತ ಬಸಿರಾಗಬಹುದಾದ 830 ಹೆಂಗಸರನ್ನು. ಕುಡಿತ ಇಳಿಸುವುದೋ, ಗರ್ಭನಿರೋಧಕ ಬಳಸುವುದೋ, ಎರಡೂನೋ, ತೀರ್ಮಾನ ಅವರದೇ. ಅವರಲ್ಲಿ ಒಂದು ಗುಂಪಿಗೆ ನಾಲ್ಕು ಸಲ ಆಪ್ತಸಮಾಲೋಚನೆ, ಗರ್ಭನಿರೋಧಕಕ್ಕೆಂದು ಇನ್ನೊಂದು ಭೇಟಿ. ಒಂಬತ್ತು ತಿಂಗಳ ನಂತರವೂ ಅಪಾಯದಿಂದ ಹೊರಬಂದವರು ಇವರಲ್ಲೇ ಹೆಚ್ಚು. ಬರೀ ಮಾಹಿತಿಪತ್ರ ಪಡೆದ ಗುಂಪಿನಲ್ಲೂ ಅನೇಕರು ಬದಲಾಗಿದ್ದರು. ವಿವರವಾಗಿ ವಿಚಾರಿಸಿದ್ದೇ ಅವರಿಗೆ ಚಿಕಿತ್ಸೆಯಾಯಿತೇನೋ!

ಬಸಿರಿಗೆ ಮೊದಲೇ ಎಚ್ಚರಿಸುವ ಇದೇ ತರ್ಕವನ್ನು 2016ರ ಫೆಬ್ರವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ದೇಶಕ್ಕೆಲ್ಲ ಸಾರಿದಾಗ ಆಯ್ಕೆ ಹೋಗಿ ಅಪ್ಪಣೆಯ ದನಿ ಬಂತು. ಬಸಿರಾಗುವ ಸಾಧ್ಯತೆಯಿದ್ದು ಗರ್ಭನಿರೋಧಕ ಬಳಸದವರು ಕುಡಿಯುವುದನ್ನೇ ಬಿಡಬೇಕಂತೆ. ಜೊತೆಯ ಚಿತ್ರಪಟವಂತೂ ಹೆಂಗಸು ಅತಿಯಾಗಿ ಕುಡಿದರೆ ಆಗುವ ಕೇಡುಗಳ ಪಟ್ಟಿಯಲ್ಲಿ ಹಿಂಸೆಯನ್ನೂ ಸೇರಿಸಿತು, ಹೊಡೆಯುವ ಕೈ ಅವಳದೇ ಎಂಬಂತೆ. ಟೀಕೆ ಸುರಿಯಿತು, ಸುರಿಯಬೇಕಿತ್ತು ಕೂಡ. ಬೈಗುಳದಂತೆ ಕೇಳುವ ಸಲಹೆಯ ಮುಂದೆ ನಿಜ ಹೇಳುವವರು ಕಡಿಮೆ. ಕೆಲವು ರಾಜ್ಯಗಳಲ್ಲಿ ಬಸುರಿಯ ಕುಡಿತ ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣವೂ ಆಗಬಹುದಾದ್ದರಿಂದ ಇನ್ನೂ ಕಡಿಮೆ.

ಪ್ರಾಜೆಕ್ಟ್ ಚಾಯ್ಸಸ್‌ನ ಐದು ಭೇಟಿಗಳು ಸಾಮಾನ್ಯ ಕ್ಲಿನಿಕ್ಕಿಗೆ ಭಾರವೇ. ಟೆಕ್ಸಸ್‌ನ ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ ಸಮಾಲೋಚನೆಯನ್ನು ಎರಡು ಸಲಕ್ಕಿಳಿಸಿ, ತಂಬಾಕನ್ನೂ ಸೇರಿಸಿ ನೋಡಿದ ಪ್ರಯೋಗ ಫಲ ಕೊಟ್ಟಿತು. ಆದರೆ ಅಲ್ಲಿ ಕೂತು ಮಾತಾಡಿದವರು ಇದಕ್ಕೆಂದೇ ತರಬೇತಾದ ಸಮಾಲೋಚಕರು. ಅವರ ಸಂಬಳವನ್ನು ಬಜೆಟ್ಟಿನಲ್ಲಿಡದೆ ಪ್ರಶ್ನಾವಳಿಯನ್ನಷ್ಟೇ ಹಂಚುವುದನ್ನು ನಾನು ತಡೆಗಟ್ಟುವಿಕೆ ಎನ್ನಲಾರೆ.